ಲಸಿಕೆಯ ಲೆಕ್ಕ: ಬರೆಯದೆ ಬಿಟ್ಟ ಪುಟ

2021ರ ಆಗಸ್ಟ್ 15ರಂದು ಮುಂಬಯಿಯ ಲೋಕಲ್ ರೈಲುಗಳು ಸಾಮಾನ್ಯ ಪ್ರಯಾಣಿಕರಿಗೆ ಮತ್ತೆ ತೆರೆದವು. ಆದರೆ ಎರಡನೆಯ ಡೋಸ್ ಪಡೆದು ಹದಿನಾಲ್ಕು ದಿನ ಕಳೆದವರಿಗೆ ಮಾತ್ರ. ದುಡಿಮೆಗಾಗಿ ರೈಲನ್ನೇ ನಂಬಿದವರ ಪಾಲಿಗೆ ಲಸಿಕೆಯ ಹಿತಾಹಿತಗಳನ್ನು ತಾವೇ ತೂಗಿ ನೋಡುವ ಸ್ವಾತಂತ್ರ್ಯ ಹೆಸರಿಗಷ್ಟೇ ಉಳಿಯಿತು. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂವಿಧಾನದ 21ನೆಯ ವಿಧಿಯನ್ವಯ ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲವೆಂದು ತೀರ್ಪಿತ್ತಿತು. ಸರಕಾರದ ಲಸಿಕಾ ನೀತಿ ಅವಿವೇಕದ್ದಲ್ಲವೆಂದೂ ಅದೇ ತೀರ್ಪು ಹೇಳಿತು. ವಿರೋಧಿಗಳು ಮೊದಲ ಮಾತನ್ನೂ ಬೆಂಬಲಿಗರು ಎರಡನೆಯದನ್ನೂ ಎತ್ತಿಕೊಂಡರು. ಹಕ್ಕು ದೊರೆತವನು ತೂಗುವುದು ಹೇಗೆ ಎಂಬುದನ್ನು ಯಾರೂ ಕೇಳಲಿಲ್ಲ.

ತೂಗುವುದಕ್ಕೊಂದು ಮಾದರಿ ಇದೆ. ಪುಣೆಯಲ್ಲಿ ಕೋವಿಶೀಲ್ಡ್ ಹೆಸರಿನಲ್ಲಿ ತಯಾರಾದ ಆಸ್ಟ್ರಾಜೆನೆಕಾ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಕಂಡುಬಂದಾಗ, ಬ್ರಿಟನ್ 2021ರ ಏಪ್ರಿಲ್ 7ರಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಂಟನ್ ಕೇಂದ್ರ ಸಿದ್ಧಪಡಿಸಿದ ಲೆಕ್ಕವನ್ನು ಜನರ ಮುಂದಿಟ್ಟಿತು. ಸೋಂಕು ಕಡಿಮೆಯಿದ್ದಾಗ, ಇಪ್ಪತ್ತರ ಹರೆಯದ ಒಂದು ಲಕ್ಷ ಮಂದಿಯಲ್ಲಿ ಲಸಿಕೆಯು ಹದಿನಾರು ವಾರಗಳಲ್ಲಿ ತಪ್ಪಿಸುವ ತೀವ್ರ ನಿಗಾ ಘಟಕದ ದಾಖಲಾತಿ 0.8; ಲಸಿಕೆಯಿಂದಾಗುವ ಗಂಭೀರ ಹಾನಿ 1.1. ಅರವತ್ತರ ವಯೋಮಾನದವರಲ್ಲಿ ಇವೇ ಅಂಕಿಗಳು 14.1 ಮತ್ತು 0.2. ಸೋಂಕು ಉಲ್ಬಣಿಸಿದರೆ ಯುವಜನರ ಲಾಭವೂ 6.9ಕ್ಕೆ ಏರುತ್ತದೆ. ಮೂವತ್ತರೊಳಗಿನ ಆರೋಗ್ಯವಂತರಿಗೆ ಸಾಧ್ಯವಿದ್ದಲ್ಲಿ ಬೇರೊಂದು ಲಸಿಕೆ ಕೊಡಬೇಕೆಂದು ಅಲ್ಲಿನ ತಜ್ಞ ಸಮಿತಿ ಸಲಹೆಯಿತ್ತಿತು, ಲಸಿಕೆಯೇ ಬೇಡವೆನ್ನಲಿಲ್ಲ.

ಮನೆಮನೆಗಳಲ್ಲಿ ನಡೆಯುವ ಲೆಕ್ಕ ತಪ್ಪುವುದು ಇಲ್ಲಿಯೇ. ಇಪ್ಪತ್ತೈದರ ಮಗನ ಭಯವನ್ನು ಎಪ್ಪತ್ತರ ತಂದೆಯ ಖಾತೆಗೆ ಬರೆಯಲಾಗುತ್ತದೆ. ಚುಚ್ಚುಮದ್ದಿನ ಅಪಾಯ ಖರ್ಚಿನ ಪುಟದಲ್ಲಿ ದಪ್ಪಕ್ಷರಗಳಲ್ಲಿ ಕಾಣಿಸುತ್ತದೆ; ಚುಚ್ಚುಮದ್ದು ಪಡೆಯದಿದ್ದುದರ ಅಪಾಯಕ್ಕೆ ಪುಟವೇ ಇರುವುದಿಲ್ಲ. ಮಾಡಿದ ಕೆಲಸದಿಂದಾದ ಕೇಡಿಗೆ ಮನುಷ್ಯ ಪರಿತಪಿಸುತ್ತಾನೆ, ಮಾಡದೆ ಬಿಟ್ಟುದರಿಂದಾದ ಕೇಡನ್ನು ವಿಧಿಯೆಂದು ಕರೆಯುತ್ತಾನೆ. ಎರಡು ಕೋಣೆಗಳ ಮನೆಯಲ್ಲಿ ಒಬ್ಬನ ನಿರ್ಧಾರದ ಸಾಲವನ್ನು ಪಕ್ಕದ ಹಾಸಿಗೆಯಲ್ಲಿ ಮಲಗಿದ ಅಜ್ಜಿ ತೀರಿಸಬೇಕಾಗಬಹುದೆಂಬುದೂ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ತಪ್ಪು ಜನರದ್ದೊಂದೇ ಅಲ್ಲ. ಅತಿ ವಿರಳ ಸಂದರ್ಭಗಳಲ್ಲಿ ಈ ಲಸಿಕೆ ರಕ್ತ ಹೆಪ್ಪುಗಟ್ಟಿಸಬಹುದೆಂದು ಕಂಪನಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡ ಸುದ್ದಿ 2024ರ ಏಪ್ರಿಲ್ ಕೊನೆಯಲ್ಲಿ ಇಲ್ಲಿಗೆ ತಲುಪಿದಾಗ, ಅನೇಕ ಕುಟುಂಬಗಳು ತಾವು ವಂಚಿತರಾದೆವೆಂದು ಭಾವಿಸಿದವು. ಬ್ರಿಟನ್ ಮೂರು ವರ್ಷ ಮೊದಲೇ ಬಹಿರಂಗಪಡಿಸಿದ್ದ ಸಂಗತಿಯದು. ಅದನ್ನು ಅದೇ ಹೊತ್ತಿಗೆ, ಜನರ ಭಾಷೆಯಲ್ಲಿ, ವಯಸ್ಸಿನ ಪ್ರಕಾರ ವಿಂಗಡಿಸಿ ಇಲ್ಲಿಯೂ ಮನೆಮನೆಗೆ ಮುಟ್ಟಿಸಿದ್ದರೆ ಆ ಸುದ್ದಿಗೆ ಅಷ್ಟು ವಿಷ ಅಂಟುತ್ತಿರಲಿಲ್ಲ. ಅಡ್ಡಪರಿಣಾಮಗಳ ವರದಿಗಳನ್ನು ಖಾಸಗಿತನಕ್ಕೆ ಧಕ್ಕೆಯಾಗದಂತೆ ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು 2022ರ ತೀರ್ಪು ನಿರ್ದೇಶಿಸಿದ್ದು ಈ ಕಾರಣಕ್ಕಾಗಿಯೇ. ಲೆಕ್ಕ ತೋರಿಸದ ಸರಕಾರ ವಿಶ್ವಾಸ ಕೇಳುವಂತಿಲ್ಲ. ಲೆಕ್ಕ ಓದದ ಪ್ರಜೆ ಹಕ್ಕಿನ ಮಾತಾಡಿ ಫಲವಿಲ್ಲ.

ನಾಳೆ ಫ್ಲೂ ಲಸಿಕೆಯೋ ಮಗಳಿಗೆ ಎಚ್‌ಪಿವಿ ಲಸಿಕೆಯೋ ಎಂಬ ಪ್ರಶ್ನೆ ಬಂದಾಗ ವೈದ್ಯರನ್ನು ಕೇಳಬೇಕಾದ ಮಾತುಗಳು ಮೂರೇ. ಈ ವಯಸ್ಸಿಗೆ ರೋಗದ ಅಪಾಯವೆಷ್ಟು? ಲಸಿಕೆಯ ಅಪಾಯವೆಷ್ಟು? ಬೇಡವೆಂದರೆ ಅದರ ಬೆಲೆಯನ್ನು ತೆರುವವರು ಯಾರು?