ಹಳೆಯ ಜೀಪಿಗೆ ಬೇರೆ ಇಂಜಿನ್, ಮನೆಯಾಕೆಯ ಬಳೆ

ಶಿರೂರಿನ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಪತಿ ಗಲ್ಫಿನಿಂದ ಮರಳಿದವರು ಒಂದು ಹಳೆಯ ಪೆಟ್ರೋಲ್ ಜೀಪು ಕೊಂಡಿದ್ದಾರೆ. ಅದಕ್ಕೆ ಗುಜರಿಯಿಂದ ಡೀಸೆಲ್ ಇಂಜಿನ್, ಐದು ಗೇರಿನ ಗೇರ್‌ಬಾಕ್ಸ್ ತಂದು ಕೂರಿಸಿ ಒಳ್ಳೆಯ ಬೆಲೆಗೆ ಮಾರುವ ಯೋಚನೆಯಂತೆ. ‘ನನ್ನ ಮಹ್ರ್‌ನ ಬಳೆ ಕೇಳುತ್ತಿದ್ದಾರೆ, ಕೊಡಲೇ? ಗ್ಯಾರೇಜಿನ ವಿಷಯ ಹೆಂಗಸರಿಗೇನು ಗೊತ್ತು?’ ಎಂದು ಕೇಳಿದ್ದಾರೆ.

ಸಹೋದರೀ, ಬಳೆ ನಿಮ್ಮದಾದ ಮೇಲೆ ಅಷ್ಟಿಷ್ಟು ಗೊತ್ತಿರಲೇಬೇಕು.

ಜೀಪು ನಮ್ಮ ಕಡೆಗೆ ಹೊಸತಲ್ಲ. ಕೊಲ್ಲೂರಿನಿಂದ ಕೊಡಚಾದ್ರಿಯ ಕಲ್ಲುದಾರಿ ಹತ್ತಲು ಜನ ಇಂದಿಗೂ ನಂಬುವುದು ಜೀಪನ್ನೇ. (ಅದನ್ನು ಈ ದೇಶದಲ್ಲಿ ಮನೆಮಾತಾಗಿಸಿದ ಕಂಪೆನಿ 1945ರಲ್ಲಿ ಶುರುವಾದಾಗ ಅದರ ಹೆಸರು ಮಹೀಂದ್ರಾ ಎಂಡ್ ಮುಹಮ್ಮದ್. ಪಾಲುದಾರ ಗುಲಾಂ ಮುಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾಗಿ ಹೋದ ಮೇಲೆ, 1948ರಲ್ಲಿ ಹೆಸರು ಬದಲಾಯಿತು.) ಹಳೆಯ ಪೆಟ್ರೋಲ್ ಜೀಪುಗಳಿಗೆ ಮೂರೇ ಗೇರು, ಎಣ್ಣೆಯ ದಾಹವೋ ವಿಪರೀತ. ಆದ್ದರಿಂದ ಡೀಸೆಲ್ ಇಂಜಿನ್ ಹಾಕಿಸುವ ಆಸೆ ಅನೇಕರಿಗೆ.

ಆದರೆ ಇದು ಒಲೆ ಬದಲಾಯಿಸಿದಷ್ಟು ಸುಲಭವಲ್ಲ. ಡೀಸೆಲ್ ಇಂಜಿನ್ ಸಾಮಾನ್ಯವಾಗಿ ಹೆಚ್ಚು ಭಾರ. ಮುಂದಿನ ಪ್ಲೇಟುಗಳು ಕುಸಿಯುತ್ತವೆ, ಹಳೆಯ ಬ್ರೇಕಿಗೆ ಹೊರೆ ಹೆಚ್ಚುತ್ತದೆ. ಬ್ರೇಕಿಗೆ ಬೂಸ್ಟರ್ ಕೂರಿಸಿದರೆ ಅದಕ್ಕೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು. ಪೆಟ್ರೋಲ್ ಇಂಜಿನಿನಂತೆ ಡೀಸೆಲ್ ಇಂಜಿನ್ ತಾನಾಗಿ ಆ ಸೆಳೆತ ಕೊಡುವುದಿಲ್ಲ. ಐದು ಗೇರಿನ ಪೆಟ್ಟಿಗೆ ಉದ್ದ. ಅದನ್ನು ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆಗೆ ಜೋಡಿಸಲು ನಡುವೆ ತುಂಡು ಮಾಡಿಸಬೇಕು. ಆಗ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡವಾಗಿ, ಓರೆ ಹೆಚ್ಚಾಗಿ ಜಾಯಿಂಟುಗಳು ಬೇಗ ಸವೆಯುತ್ತವೆ. ಇಂಜಿನಿನ ಬೆಲೆ ಮಾತ್ರ ಹೇಳಿ ಬಳೆ ಕೇಳಿದವರು ಉಳಿದ ಖರ್ಚಿಗೆ ನಾಳೆ ಸರವನ್ನೂ ಕೇಳಿಯಾರು!

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2000ದ ತಿದ್ದುಪಡಿಗೆ ಮೊದಲು ಇಲಾಖೆಯ ಒಪ್ಪಿಗೆ ಪಡೆದು ಬದಲಾಯಿಸುವ ಅವಕಾಶ ವಿಶಾಲವಾಗಿತ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಎಂದಾಯಿತು. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಿಸುವಾಗ ಇಂಜಿನ್ ನಂಬರು ನೋಡುತ್ತಾರೆ. ಅಪಘಾತವಾದರೆ ವಿಮೆಯವರೂ ನೋಡುತ್ತಾರೆ. ಆದ್ದರಿಂದ ಗುಜರಿಗೆ ಹೋಗುವ ಮೊದಲು ನಿಮ್ಮವರು ಉಡುಪಿಯ ಆರ್‌ಟಿಒ ಕಚೇರಿಗೆ ಹೋಗಿ ಕೇಳಲಿ. ಅನುಮತಿ ಇಲ್ಲವೆಂದರೆ ಇರುವ ಇಂಜಿನನ್ನೇ ಬಿಚ್ಚಿ ರಿಪೇರಿ ಮಾಡಿಸಲಿ. ಬಿಲ್ಲಿಲ್ಲದ ಇಂಜಿನ್ ಅಗ್ಗವೆಂದು ಮನೆಗೆ ತರುವುದಂತೂ ಬೇಡ. ಅದು ಯಾರ ಕದ್ದ ಗಾಡಿಯದ್ದೋ ಯಾರಿಗೆ ಗೊತ್ತು?

ನನಗೆ ಹೆಚ್ಚು ಚಿಂತೆ ಮಾರಾಟದ್ದು. ಪ್ರವಾದಿಯವರು(ಸ) ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಕೇಳಿದರು. ಬಾನೆಟ್ಟಿನ ಕೆಳಗಿನ ಬದಲಾವಣೆಯನ್ನು ಮುಚ್ಚಿಟ್ಟು ಮಾರುವುದೂ ಒದ್ದೆ ಧಾನ್ಯವನ್ನು ಅಡಿಗಿಟ್ಟಂತೆಯೇ. ಐಬು ಅಡಗಿಸಿ ಮಾರಿದರೆ ಸರಕು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ ಎಂದು ಫಿಕ್ಹ್ ಹೇಳುತ್ತದೆ. ‘ಪೇಂಟು ಹೊಡೆದರೆ ಯಾರಿಗೂ ತಿಳಿಯದು’ ಎಂಬ ಮಾತು ಮನೆಯಲ್ಲಿ ಕೇಳಿಬಂದರೆ, ಬಳೆ ಬಿಚ್ಚಬೇಡಿ.

ಕಾಗದ ಸರಿಯಿದ್ದು, ಕೊಳ್ಳುವವರಿಗೆ ಎಲ್ಲವನ್ನೂ ತಿಳಿಸುವುದಾಗಿ ಪತಿ ಒಪ್ಪಿದರೆ ಕೊಡಬಹುದು. ಕೊಡಲೇಬೇಕೆಂದಿಲ್ಲ, ಮಹ್ರ್ ನಿಮ್ಮ ಸೊತ್ತು. ಬ್ಯಾಂಕಿನಲ್ಲಿ ಅಡವಿಟ್ಟು ಬಡ್ಡಿಗೆ ಬೀಳುವುದು ಬೇಡ. ಸಾಲವಾಗಿ ಕೊಡುವುದಾದರೆ ಬರೆದಿಡಿ. ಅಲ್‌ಬಕರ ಅಧ್ಯಾಯದ 282ನೇ ಸೂಕ್ತ ಸಾಲವನ್ನು ಬರೆದಿಡಲು ಹೇಳುವಾಗ ಗಂಡ ಹೆಂಡತಿಯರನ್ನು ಹೊರಗಿಟ್ಟಿಲ್ಲ. ಇಬ್ಬರು ಸಾಕ್ಷಿಗಳಿರಲಿ. ಚಿನ್ನವನ್ನೇ ಸಾಲ ಕೊಡುವಾಗ ರೂಪಾಯಿಯಲ್ಲಿ ಬರೆಯಬೇಡಿ, ಎಷ್ಟು ಗ್ರಾಂ ಎಂದು ಬರೆಯಿರಿ.