ಬಾಗಿಲಿಗೆ ಬಂದವರಿಗೆ ನಾವು ಏನು ಹೇಳಿದೆವು?

ಕಳೆದ ವರ್ಷ ಒಂದು ದಿನ ಅಸರ್ ನಮಾಝ್ ಕಳೆದ ಮೇಲೆ ಕಾಡುಗೋಡಿಯ ನಮ್ಮ ಮದ್ರಸಕ್ಕೆ ಇಬ್ಬರು ಬಂದರು. ಒಬ್ಬ ಯುವಕ, ಒಬ್ಬಳು ಯುವತಿ. ನಗರದ ಒಂದು ಸಣ್ಣ ನಾಟಕ ತಂಡದವರು. "ಸರ್, ನಾವು ಟಿಕೆಟ್ ಮಾರೋಕೆ ಬಂದಿಲ್ಲ. ನಾಲ್ಕು ಶನಿವಾರ ನಿಮ್ಮ ಮಕ್ಕಳ ಜೊತೆ ಕೂತು ಕತೆ ಕಟ್ಟಿಸ್ತೀವಿ. ಕೊನೆಗೆ ಮಕ್ಕಳನ್ನೂ ತಂದೆ ತಾಯಿಯನ್ನೂ ಒಂದು ನಾಟಕಕ್ಕೆ ಕರ್ಕೊಂಡು ಹೋಗ್ತೀವಿ, ಬಸ್ಸಿನ ವ್ಯವಸ್ಥೆ ನಮ್ದೇ" ಎಂದರು. ಚಹಾ ಕೊಟ್ಟೆವು. ಕಮಿಟಿಯಲ್ಲಿ ಕೇಳಿ ಹೇಳುತ್ತೇವೆ ಎಂದೆವು.

ಕಮಿಟಿಯಲ್ಲಿ ವಿಷಯ ಎರಡೇ ನಿಮಿಷಕ್ಕೆ ಮುಗಿಯಿತು. "ನಾಟಕವಾ? ಮದ್ರಸದಲ್ಲಾ? ನಾಳೆ ಊರಿನವರು ಎಂತ ಹೇಳಿಯಾರು?" ಎಂದರು ಹಿರಿಯರೊಬ್ಬರು. ಉಳಿದವರು ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ. ಆ ಯುವತಿ ಎರಡು ಸಲ ಫೋನ್ ಮಾಡಿದರು, ನಾವು ಎತ್ತಲಿಲ್ಲ. ಇಲ್ಲ ಎಂದು ಹೇಳುವ ಮರ್ಯಾದೆಯನ್ನೂ ತೋರಿಸಲಿಲ್ಲ.

ಅದೇ ಹೊತ್ತಿಗೆ ನಮ್ಮ ಒಬ್ಬ ಹುಡುಗನ ವಿಷಯ ಗೊತ್ತಾಯಿತು. ಶಾಲೆಗೆ ಹೋಗುವ ವ್ಯಾನಿನಲ್ಲಿ ದೊಡ್ಡ ಹುಡುಗನೊಬ್ಬ ಇವನಿಗೆ ದಿನಾ ಹೊಡೆದು ದುಡ್ಡು ಕಿತ್ತುಕೊಳ್ಳುತ್ತಿದ್ದ. ಮೂರು ತಿಂಗಳು ಇವನು ಉಮ್ಮನಿಗೂ ಹೇಳಲಿಲ್ಲ, ನಮಗೂ ಹೇಳಲಿಲ್ಲ. ಬೆನ್ನಿನ ಮೇಲಿನ ಗುರುತು ನೋಡಿ ಉಮ್ಮ ಕೇಳಿದಾಗ ಅತ್ತ. ಇದೇ ಹುಡುಗ ಮೀಲಾದ್ ಕಾರ್ಯಕ್ರಮದಲ್ಲಿ ಸತ್ಯದ ಮಹತ್ವದ ಬಗ್ಗೆ ಏಳು ನಿಮಿಷ ತಡವರಿಸದೆ ಭಾಷಣ ಮಾಡಿ ಪ್ರಥಮ ಬಹುಮಾನ ತಗೊಂಡವನು. ಯಾಕೆ ಹೇಳಲಿಲ್ಲ ಮೋನೆ ಎಂದು ಕೇಳಿದರೆ, "ಹೇಗೆ ಹೇಳುವುದು ಅಂತ ಗೊತ್ತಾಗಲಿಲ್ಲ ಉಸ್ತಾದ್" ಅಂದ.

ಆ ಭಾಷಣ ಬರೆದುಕೊಟ್ಟದ್ದು ನಾವೇ.

ಹಾಗೆ ನೋಡಿದರೆ ಸ್ಟೇಜ್ ನಮಗೆ ಹೊಸತಲ್ಲ. ಮೀಲಾದ್ ಬಂತೆಂದರೆ ದಫ್, ಹಾಡು, ಭಾಷಣ, ಸಂಭಾಷಣೆ. ಅದರ ಮೇಲೆ ಮುಸಾಬಖ, ಪ್ರತಿಭೋತ್ಸವ. ಮಕ್ಕಳಿಗೆ ಮೈಕಿನ ಹೆದರಿಕೆ ಬಿಡಿಸಿದ್ದರಲ್ಲಿ ಮದ್ರಸಗಳ ಪಾಲು ದೊಡ್ಡದು. ಆದರೆ ಅಲ್ಲಿ ಮಗು ಹೇಳುವುದೆಲ್ಲ ನಾವು ಬರೆದುಕೊಟ್ಟ ಬಾಯಿಪಾಠ. ತನ್ನ ಮಾತನ್ನು ತಾನೇ ಹುಡುಕಿ ಹೇಳುವುದು ಬೇರೆಯೇ ಅಭ್ಯಾಸ. ಕಾಡುಗೋಡಿಯಲ್ಲಿ ಅದು ಇನ್ನೂ ಕಷ್ಟ. ಬೇಕರಿ, ಹೋಟೆಲ್, ಜ್ಯೂಸ್ ಅಂಗಡಿ ಎಂದು ಊರು ಬಿಟ್ಟು ಬಂದ ನಮ್ಮವರ ಮಕ್ಕಳು ಮನೆಯಲ್ಲಿ ಬ್ಯಾರಿ, ಗಲ್ಲಿಯಲ್ಲಿ ಉರ್ದು, ತಮಿಳು, ತೆಲುಗು, ಶಾಲೆಯಲ್ಲಿ ಇಂಗ್ಲಿಷ್ ಕೇಳುತ್ತಾ ಬೆಳೆಯುತ್ತಾರೆ. ಎಲ್ಲ ಭಾಷೆಯೂ ಸ್ವಲ್ಪ ಸ್ವಲ್ಪ ಬರುತ್ತದೆ. ಮನಸ್ಸಿನ ಕಷ್ಟ ಹೇಳಲಿಕ್ಕೆ ಯಾವುದೂ ಸಾಲುವುದಿಲ್ಲ.

ನಮ್ಮ ಬಾಗಿಲಿಗೆ ಬಂದ ಆ ಇಬ್ಬರ ಕೆಲಸ ಇದೇ ಆಗಿತ್ತು ಎಂಬುದು ನಮಗೆ ಆಮೇಲೆ ಅರ್ಥವಾಯಿತು. ರಂಗಭೂಮಿಯವರು ಇದನ್ನು ಔಟ್‌ರೀಚ್ ಎನ್ನುತ್ತಾರೆ. ನಾಟಕ ನೋಡಲು ತಾವಾಗಿ ಬರದ ಜನರ ಬಳಿಗೆ ತಾವೇ ಹೋಗುವುದು. ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ದಿನಾಂಕ ಕೇಳುವುದು, ಟೀಚರುಗಳಿಗೆ ತರಬೇತಿ ಕೊಡುವುದು, ನಾಟಕ ಮುಗಿದ ಮೇಲೆ ಮಕ್ಕಳನ್ನು ಕೂರಿಸಿ ಮಾತಾಡಿಸುವುದು. ಇಂಗ್ಲೆಂಡಿನ ಕಾವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರ್ 1965ರಲ್ಲಿ ಇದಕ್ಕಾಗಿಯೇ ಒಂದು ತಂಡ ಕಟ್ಟಿ ಶಾಲೆಗಳಿಗೆ ಕಳಿಸಿತು. ಬ್ರೆಜಿಲಿನ ಆಗಸ್ಟೊ ಬೋಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಕ್ರಮದಲ್ಲಿ ಒಬ್ಬನಿಗೆ ಅನ್ಯಾಯವಾಗುವ ದೃಶ್ಯ ತೋರಿಸುತ್ತಾರೆ. ನೋಡುವವರು ನಿಲ್ಲಿಸಿ ಎನ್ನಬಹುದು, ಎದ್ದು ಬಂದು, ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ ಎಂದು ಮಾಡಿ ತೋರಿಸಬಹುದು. ಆ ವ್ಯಾನಿನ ಹುಡುಗನಿಗೆ ಬೇಕಾಗಿದ್ದದ್ದು ಇದಲ್ಲವೇ?

ನಮ್ಮ ರಾಜ್ಯದಲ್ಲೂ ಇದು ಹೊಸತಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ 1985ರಿಂದ ತಿರುಗಾಟದ ಮೂಲಕ ಊರೂರಿಗೆ ನಾಟಕ ಒಯ್ಯುತ್ತಾ ಬಂದಿದೆ. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತದೆ. ನಮಗೆ ಹೆಚ್ಚು ಪಾಠವಾಗಬೇಕಾದದ್ದು ಹೊಸದುರ್ಗ ತಾಲೂಕಿನ ಸಾಣೇಹಳ್ಳಿ. ಅಲ್ಲಿನ ಪಂಡಿತಾರಾಧ್ಯ ಸ್ವಾಮೀಜಿ ಒಂದು ಧಾರ್ಮಿಕ ಮಠದ ಒಳಗೇ ನಾಟಕ ಶಾಲೆ ಕಟ್ಟಿದರು, 1997ರಿಂದ ಶಿವಸಂಚಾರ ತಂಡವನ್ನು ಊರೂರಿಗೆ ಕಳಿಸಿದರು. ಅದರಿಂದ ಮಠದ ಗೌರವ ಕಡಿಮೆಯಾಗಲಿಲ್ಲ. ನಮ್ಮ ಕರಾವಳಿಯಲ್ಲೇ ತಾಳಮದ್ದಳೆಯ ಜಬ್ಬಾರ್ ಸಮೊ ಅವರ ಅರ್ಥಗಾರಿಕೆ ಕೇಳಲು ಎಲ್ಲ ಜಾತಿ ಧರ್ಮದವರೂ ಸೇರುತ್ತಾರೆ.

ಇನ್ನು ಹರಾಮ್, ಹಲಾಲ್ ಪ್ರಶ್ನೆ. ಇದನ್ನು ನಾವು ಹಗುರವಾಗಿ ತಳ್ಳಿ ಹಾಕುವುದಿಲ್ಲ. ಅಭಿನಯದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಉಂಟು. ಫತ್ವಾ ಕೊಡುವ ಸ್ಥಾನ ನಮ್ಮದಲ್ಲ. ಆದರೆ ಈದ್ ದಿನ ಹಬಶೀಯರು ಮಸ್ಜಿದುನ್ನಬವಿಯಲ್ಲಿ ಈಟಿಯ ಆಟ ಆಡಿದಾಗ ಪ್ರವಾದಿ (ಸ) ತಡೆಯಲಿಲ್ಲ, ಆಯಿಷಾ (ರ) ಅವರಿಗೆ ತಣಿಯುವಷ್ಟು ಹೊತ್ತು ನೋಡಲು ಬಿಟ್ಟರು ಎಂಬುದು ಬುಖಾರಿಯಲ್ಲಿದೆ. ಹಸನ್, ಹುಸೈನ್ (ರ) ವುಝೂ ತಪ್ಪಾಗಿ ಮಾಡುತ್ತಿದ್ದ ವೃದ್ಧರಿಗೆ ನೇರವಾಗಿ ತಪ್ಪು ಎನ್ನದೆ, ನಮ್ಮಿಬ್ಬರಲ್ಲಿ ಯಾರದ್ದು ಸರಿ ನೋಡಿ ಎಂದು ತಾವೇ ವುಝೂ ಮಾಡಿ ತೋರಿಸಿದ ಕತೆಯನ್ನು ನಾವು ಮದ್ರಸದಲ್ಲಿ ಹೇಳುತ್ತಲೇ ಇದ್ದೇವೆ. ಮಾಡಿ ತೋರಿಸಿ ಕಲಿಸುವುದು ನಮಗೆ ಪರಕೀಯವಲ್ಲ.

ಗೆರೆ ಎಳೆಯುವುದು ನಮ್ಮ ಹಕ್ಕು, ಎಳೆಯೋಣ. ಪ್ರವಾದಿಗಳ, ಸಹಾಬಿಗಳ ಪಾತ್ರ ಯಾರೂ ಮಾಡಬಾರದು. ಮಗ್ರಿಬ್ ಬಾಂಗಿಗೆ ಮುಂಚೆ ತರಗತಿ ಮುಗಿಯಬೇಕು. ಹೆಣ್ಣು ಮಕ್ಕಳಿಗೆ ಬೇರೆ ತರಗತಿ, ಮಹಿಳೆಯೇ ಕಲಿಸಬೇಕು. ಒಬ್ಬ ಉಸ್ತಾದ್, ಒಬ್ಬ ತಾಯಿ ಅಲ್ಲೇ ಕೂತಿರಬೇಕು. ಷರತ್ತು ಹಾಕಿ ಮಾತಾಡಿದರೆ ಒಪ್ಪುವವರು ಒಪ್ಪುತ್ತಾರೆ. ನಾವು ಷರತ್ತನ್ನೂ ಹೇಳಲಿಲ್ಲ, ಕಾರಣವನ್ನೂ ಹೇಳಲಿಲ್ಲ.

ರಂಗಭೂಮಿಯವರಿಗೂ ಒಂದು ಮಾತು. ವೈಟ್‌ಫೀಲ್ಡ್ ಕಡೆ ನಾಟಕಕ್ಕೆ ಜಾಗ ಇಲ್ಲ ಎನ್ನುವಂತಿಲ್ಲ. ರಾಮಗೊಂಡನಹಳ್ಳಿಯಲ್ಲಿ 2011ರಿಂದ ಜಾಗೃತಿ ರಂಗಮಂದಿರ ಉಂಟು. ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ಉಂಟು, ಅಲ್ಲಿ ಮಕ್ಕಳ ನಾಟಕಗಳಿಗೇ ಪ್ರತ್ಯೇಕ ಉತ್ಸವ ನಡೆಯುತ್ತದೆ. 2023ರಲ್ಲಿ ಮೆಟ್ರೊ ಕಾಡುಗೋಡಿಗೂ ಬಂತು. ಆದರೂ ರಾತ್ರಿ ಹನ್ನೊಂದಕ್ಕೆ ಅಂಗಡಿ ಮುಚ್ಚುವ ತಂದೆ ಏಳೂವರೆಯ ಆಟಕ್ಕೆ ಮಗಳನ್ನು ಕರೆದುಕೊಂಡು ಹೋಗುವುದು ಹೇಗೆ? ಆ ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ನಾಟಕ ಎಷ್ಟು? ನೀವು ಒಂದು ಸಲ ಬಂದು ಫೋಟೊ ತೆಗೆದು ಹೋದರೆ ಕಮಿಟಿಯ ಹಿರಿಯರ ಅನುಮಾನವೇ ಸರಿ ಎಂದಾಗುತ್ತದೆ. ವರ್ಷಕ್ಕೆ ನಾಲ್ಕು ಸಲವಾದರೂ ಬನ್ನಿ. ಮೊದಲು ತಾಯಂದಿರ ಜೊತೆ ಮಾತಾಡಿ.

ನಮ್ಮ ಯುವಕ ಯುವತಿಯರೂ ಈ ಕೆಲಸದ ಬಗ್ಗೆ ಯೋಚಿಸಲಿ. ಪದವಿ ಮುಗಿಸಿದ ಹುಡುಗಿಯರು ನಮ್ಮಲ್ಲಿ ಎಷ್ಟೋ ಮಂದಿ. ಬ್ಯಾರಿ, ಕನ್ನಡ, ಉರ್ದು ಮೂರೂ ಬಲ್ಲವಳೊಬ್ಬಳು ಆ ತಂಡದಿಂದ ನಮ್ಮ ಬಾಗಿಲಿಗೆ ಬಂದಿದ್ದರೆ ಕಮಿಟಿಯ ಮಾತು ಎರಡು ನಿಮಿಷಕ್ಕೆ ಮುಗಿಯುತ್ತಿತ್ತೇ?

ಮುಂದಿನ ಕಮಿಟಿ ಸಭೆಯಲ್ಲಿ ಈ ವಿಷಯವನ್ನು ನಾವೇ ಎತ್ತುತ್ತೇವೆ. ಸಭೆ ಒಪ್ಪಲಿಕ್ಕಿಲ್ಲ, ಒಪ್ಪಲೂಬಹುದು. ಏನೇ ಆದರೂ ಆ ಯುವತಿಗೆ ಈ ಸಲ ನಾವೇ ಫೋನ್ ಮಾಡುತ್ತೇವೆ. ಒಂದು ಉತ್ತರ ಬಾಕಿ ಇದೆ.