ನೊಬೆಲ್ ಬಂತು, ಆದರೆ ಮಾತ್ರೆ ನಿಲ್ಲಿಸಬೇಡಿ

ರಾಯಿಕೋಡಿನಿಂದ ಹೈದರಾಬಾದಿಗೆ ಹೋಗಿ ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಮಾತ್ರೆ ಜೀವನಪೂರ್ತಿ. 2025ರ ವೈದ್ಯಕೀಯ ನೊಬೆಲ್ ಇದನ್ನು ಬದಲಿಸುತ್ತದೆಯೇ?

ಕಸಿ ಕಿಡ್ನಿಯ ಮೇಲೆ ದಾಳಿ ಮಾಡುವುದು ನಮ್ಮವೇ ಟಿ ಕೋಶಗಳು. ಬ್ಯಾಂಕ್ ಲಾಕರಿನಂತೆ ಅವಕ್ಕೂ ಎರಡು ಕೀಲಿ ಬೇಕು: ಪರಕೀಯವೆಂಬ ಗುರುತು ಒಂದು, ಸಿಡಿ28 ಮೂಲಕ ಸಿಗುವ ಒಪ್ಪಿಗೆ ಇನ್ನೊಂದು. ಶಿಮೋನ್ ಸಕಾಗುಚಿ 1995ರಲ್ಲಿ ಗುರುತಿಸಿದ ನಿಯಂತ್ರಕ ಟಿ ಕೋಶಗಳು ಸಿಟಿಎಲ್‌ಎ-4 ಪ್ರೋಟೀನಿನಿಂದ ಎರಡನೇ ಕೀಲಿಯನ್ನೇ ಕಿತ್ತುಕೊಳ್ಳುತ್ತವೆ. ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಪತ್ತೆಹಚ್ಚಿದ ಫಾಕ್ಸ್‌ಪಿ3 ಜೀನ್ ಈ ಕೋಶಗಳ ಆಧಾರ.

ಅದೇ ಪ್ರೋಟೀನಿನ ಮಾದರಿಯಲ್ಲಿ ಮಾಡಿದ ಬೆಲಾಟಾಸೆಪ್ಟ್ ಇಂಜೆಕ್ಷನ್‌ಗೆ ಅಮೆರಿಕ 2011ರಲ್ಲಿ ಅನುಮತಿ ಕೊಟ್ಟಿತು. ಏಳು ವರ್ಷಗಳ ಅಧ್ಯಯನದಲ್ಲಿ, ಸೈಕ್ಲೋಸ್ಪೋರಿನ್‌ಗೆ ಹೋಲಿಸಿದರೆ ಸಾವು ಅಥವಾ ಕಿಡ್ನಿ ನಷ್ಟದ ಅಪಾಯ ಶೇ. 43 ಕಡಿಮೆ. ಆದರೆ ಮೊದಲ ವರ್ಷ ದೇಹ ಕಿಡ್ನಿಯನ್ನು ತಿರಸ್ಕರಿಸುವುದು ಹೆಚ್ಚು. ನಿಯಂತ್ರಕ ಕೋಶಗಳಿಗೂ ಸಿಡಿ28 ಬೇಕು. ಬಾಗಿಲು ಮುಚ್ಚಿದರೆ ಕಳ್ಳನೊಂದಿಗೆ ಕಾವಲುಗಾರನೂ ಹೊರಗೆ.

ನಿಯಂತ್ರಕ ಕೋಶಗಳನ್ನೇ ಕೊಟ್ಟು ಮಾತ್ರೆ ಬಿಡಿಸುವ ಯತ್ನ ಇನ್ನೂ ಪ್ರಯೋಗದ ಹಂತದಲ್ಲಿದೆ. ಹಾಗಾಗಿ ಸುದ್ದಿ ಓದಿ ಖುಷಿಪಡಿ; ಆದರೆ ಡಾಕ್ಟರನ್ನು ಕೇಳದೆ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬೇಡಿ.